ಅಂಗೈಗೋ, ಕಿಸೆಗೋ? ಸಣ್ಣ ರಿವಾಲ್ವರಿನ ಹಿಡಿಯ ಕಥೆ

ನಮ್ಮಪ್ಪ ಊರ ಬಡಿಗ. ಗದಗಿನ ಹತ್ತಿರದ ಒಂದು ಹಳ್ಳಿ ನಮ್ಮದು. ಗುದ್ದಲಿಗೋ ಕೊಡಲಿಗೋ ಕಾವು ಹಾಕಿಸಿಕೊಳ್ಳಲು ಯಾರಾದರೂ ಬಂದರೆ ಅಪ್ಪ ಮೊದಲು ಕಬ್ಬಿಣದ ಕಡೆ ನೋಡುತ್ತಲೇ ಇರಲಿಲ್ಲ. "ಎಲ್ಲಿ, ಕೈ ತೋರ್ಸು" ಅನ್ನುತ್ತಿದ್ದ. ಅಂಗೈ ಅಗಲ ನೋಡಿ, ಬೆರಳು ಮಡಚಿಸಿ ನೋಡಿ, ಆಮೇಲೆ ಜಾಲಿ ಕಟ್ಟಿಗೆಗೆ ಬಾಚಿ ಹಾಕುತ್ತಿದ್ದ. ಕಳೆ ತೆಗೆಯುವ ಹೆಣ್ಣುಮಕ್ಕಳ ಕುರ್ಚಿಗಿಗೆ ಹಾಕುವ ಹಿಡಿ ಗಂಡಸರದಕ್ಕಿಂತ ತೆಳ್ಳಗೆ ಇರುತ್ತಿತ್ತು, ಆದರೆ ಗಿಡ್ಡ ಇರುತ್ತಿರಲಿಲ್ಲ. ಯಾಕೆ ಅಂತ ಒಮ್ಮೆ ಕೇಳಿದ್ದೆ. "ಸಣ್ಣ ಕೈ ಅಂದ್ರ ಗಿಡ್ಡ ಹಿಡಿ ಅಲ್ಲೋ ತಮ್ಮಾ" ಅಂದಿದ್ದ. ಅಷ್ಟೇ. ಅಪ್ಪ ಹೆಚ್ಚು ಮಾತಾಡುವ ಮನುಷ್ಯ ಅಲ್ಲ.

ಆ ಮಾತು ಮತ್ತೆ ನೆನಪಾದದ್ದು ಎಲ್ಲಿ ಗೊತ್ತೇ? 2018ರಲ್ಲಿ, ಅಮೆರಿಕದ ಟೆಕ್ಸಸ್‌ನಲ್ಲಿ, ಒಂದು ಬಂದೂಕಿನ ಅಂಗಡಿಯಲ್ಲಿ!

ನಾನು 1978ರಲ್ಲಿ ಪುಣೆಗೆ ಬಂದವನು. ಪಿಂಪ್ರಿಯ ಒಂದು ಕಾರ್ಖಾನೆಯ ಟೂಲ್‌ರೂಮಿನಲ್ಲಿ ಮೂವತ್ತನಾಲ್ಕು ವರ್ಷ ಕಾನಸು ಉಜ್ಜಿ ನಿವೃತ್ತನಾದವನು. (ಕಾನಸು ಅಂದರೆ ಅರ. ಪುಣೆಯಲ್ಲಿ ಇಷ್ಟು ವರ್ಷ ಇದ್ದ ಮೇಲೆ ಉಪಕರಣಗಳ ಹೆಸರೆಲ್ಲ ಮರಾಠಿಯಲ್ಲೇ ಬಾಯಿಗೆ ಬರುತ್ತವೆ, ಕ್ಷಮಿಸಿ.) ತಂಗಿಯ ಮಗ ಡಲ್ಲಸ್ ಹತ್ತಿರ ಇದ್ದಾನೆ. ಅವನ ಹೆಂಡತಿ ನರ್ಸ್, ಆಗ ರಾತ್ರಿ ಪಾಳಿ. ನಾವು ಹೋಗುವ ಕೆಲವು ತಿಂಗಳ ಹಿಂದೆ, ಕೆಲಸ ಮುಗಿಸಿ ಪಾರ್ಕಿಂಗಿಗೆ ನಡೆಯುವಾಗ ಯಾರೋ ಬೆನ್ನು ಹತ್ತಿ ಬಂದಿದ್ದನಂತೆ. ಏನೂ ಆಗಲಿಲ್ಲ. ಆದರೆ ಏನೂ ಆಗದಿದ್ದರೂ ನಿದ್ದೆ ಹೋಗುತ್ತದಲ್ಲ, ಹಾಗೆ. ಗಂಡ ಹೆಂಡತಿ ಮಾತಾಡಿಕೊಂಡು ಒಂದು ಸಣ್ಣ ರಿವಾಲ್ವರ್ ಕೊಂಡಿದ್ದರು. ಐದು ಗುಂಡಿನದು, ಅಲ್ಯುಮಿನಿಯಂ ಚೌಕಟ್ಟು, ಎರಡು ಇಂಚಿನ ಆಸುಪಾಸಿನ ನಳಿಗೆ. ಮರೆಯಲ್ಲಿ ಇಟ್ಟುಕೊಂಡು ಓಡಾಡಲಿಕ್ಕೆಂದೇ ಮಾಡಿದ್ದು.

ಹೋದ ದಿನವೇ ಸೊಸಿ ಬಲಗೈ ಮುಂದೆ ಚಾಚಿದಳು. ಹೆಬ್ಬೆರಳು ತೋರುಬೆರಳಿನ ನಡುವಿನ ಸಂದಿನಲ್ಲಿ ಚರ್ಮ ಕಿತ್ತು ಕೆಂಪಾಗಿತ್ತು. "ಮಾಮಾರ, ಲೈಸೆನ್ಸ್ ಪರೀಕ್ಷೆಗೆ ಐವತ್ತು ಗುಂಡು ಹೊಡೀಬೇಕ್ರಿ. ಇಪ್ಪತ್ತಕ್ಕ ಕೈ ಹಿಂಗಾತು. ನೀವು ಟೂಲ್‌ರೂಮಿನವ್ರು, ನೋಡ್ರಿ ಏನರ ಮಾಡಾಕ ಬರ್ತದೇನು."

ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. ಮನೆಯಲ್ಲಿ ನಾಲ್ಕು ವರ್ಷದ ಕೂಸು, ಕಪಾಟಿನಲ್ಲಿ ರಿವಾಲ್ವರ್. ನಮಗೆ ಇದು ಒಗ್ಗುವ ಸಂಗತಿ ಅಲ್ಲ. ನಮ್ಮಲ್ಲಿ ಕೊಡಗಿನವರಿಗೆ ಬಿಟ್ಟರೆ (ಅವರಿಗೆ ಬ್ರಿಟಿಷರ ಕಾಲದಿಂದ ಲೈಸೆನ್ಸಿನ ವಿನಾಯಿತಿ ಇದೆ, 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿದ್ದಾರೆ, ಕೈಲ್ಪೊಳ್ದ್ ದಿನ ಕೋವಿಗೆ ಹೂ ಮುಡಿಸಿ ಪೂಜೆಯೂ ಉಂಟು) ಉಳಿದವರಿಗೆ ಬಂದೂಕು ಅಂದರೆ ಪೊಲೀಸು, ಬ್ಯಾಂಕಿನ ಬಾಗಿಲು, ಇಲ್ಲವೇ ಸಿನೆಮಾ. ಆದರೆ ಹುಡುಗಿಯ ಕೈ ನೋಡಿದಾಗ ನನ್ನೊಳಗಿನ ಟೂಲ್‌ರೂಮಿನವನು ಎದ್ದು ಕೂತ. ಇದು ಬಂದೂಕಿನ ತೊಂದರೆ ಅಲ್ಲ, ಕಾವಿನ ತೊಂದರೆ!

ಮರುದಿನ ಮೂವರೂ ಅಂಗಡಿಗೆ ಹೋದೆವು. ಒಂದು ಗೋಡೆಯ ತುಂಬ ಹಿಡಿಗಳೇ ತೂಗು ಹಾಕಿದ್ದರು, ನಮ್ಮ ಚಪ್ಪಲಿ ಅಂಗಡಿಯಲ್ಲಿ ಜೋಡು ತೂಗು ಹಾಕಿದ ಹಾಗೆ. ಮರದ್ದು, ರಬ್ಬರಿನದು, ಬೆರಳಿಗೆ ಅಚ್ಚು ಇದ್ದದ್ದು, ಇಲ್ಲದ್ದು, ಬ್ಯಾಟರಿ ಇದ್ದದ್ದು! ಒಂದು ಅಂಗೈ ಅಗಲದ ವಸ್ತುವಿಗೆ ಇಷ್ಟು ಹಿಡಿ ಯಾಕೆ ಬೇಕಾಯಿತು? ಆ ಪ್ರಶ್ನೆ ಹಿಡಿದು ಅವತ್ತಿನಿಂದ ಓದುತ್ತಾ ಬಂದೆ. ಓದಿದ್ದರಲ್ಲಿ ನನಗೆ ಗಟ್ಟಿಯಾಗಿ ತಿಳಿದದ್ದನ್ನು ಇಲ್ಲಿ ಹೇಳುತ್ತೇನೆ.

ಮೊದಲು ಹಳೆಯದು. ನಾವು ಕೌಬಾಯ್ ಸಿನೆಮಾಗಳಲ್ಲಿ ನೋಡುವ ರಿವಾಲ್ವರ್ 1873ರ ಕೋಲ್ಟ್ ಸಿಂಗಲ್ ಆಕ್ಷನ್ ಆರ್ಮಿ. ಅದರ ಹಿಡಿಗೆ ಅಮೆರಿಕದವರು ಇಟ್ಟ ಹೆಸರು ನೇಗಿಲಿನ ಹಿಡಿ! ಬಾಗಿದ, ನಯವಾದ ಆಕ್ರೋಟ ಮರದ ಹಿಡಿ. ಗುಂಡು ಹಾರಿದಾಗ ರಿವಾಲ್ವರ್ ಅಂಗೈಯಲ್ಲಿ ಜಾರಿ ಮೇಲಕ್ಕೆ ಉರುಳುತ್ತದೆ. ಅದು ದೋಷವಲ್ಲ. ಹಾಗೆ ಉರುಳಿದಾಗ ಹ್ಯಾಮರ್ ಹೆಬ್ಬೆರಳಿನ ಹತ್ತಿರ ಬರುತ್ತದೆ, ಮುಂದಿನ ಗುಂಡಿಗೆ ಅದನ್ನು ಎಳೆಯುವುದು ಸುಲಭ. ಆ ಕಾಲದಲ್ಲಿ ಪ್ರತಿ ಗುಂಡಿಗೂ ಹ್ಯಾಮರನ್ನು ಹೆಬ್ಬೆರಳಿನಿಂದ ಹಿಂದಕ್ಕೆ ಎಳೆಯಬೇಕಿತ್ತಲ್ಲ.

ಕಿಸೆಯ ರಿವಾಲ್ವರಿನ ಲೆಕ್ಕ ಬೇರೆ. ಟ್ರಿಗರ್ ಎಳೆದರೆ ಸಾಕು, ಹ್ಯಾಮರ್ ತಾನೇ ಏರಿ ತಾನೇ ಬೀಳುತ್ತದೆ. ಆದರೆ ಆ ಎಳೆತ ಉದ್ದ, ಭಾರವೂ ಐದು ಕಿಲೋದ ಆಸುಪಾಸು. ಒಂದು ಬೆರಳಲ್ಲಿ ಐದು ಕಿಲೋ ಎಳೆಯುವಾಗ ಉಳಿದ ಬೆರಳುಗಳು ಅಲುಗಾಡಬಾರದು. ಅಂದರೆ ಇಲ್ಲಿ ಹಿಡಿ ಕೈಯಲ್ಲಿ ಉರುಳಲೇಬಾರದು. ನೇಗಿಲಿನ ಹಿಡಿಯ ಬುದ್ಧಿವಂತಿಕೆ ಇಲ್ಲಿ ಕೆಲಸಕ್ಕೆ ಬಾರದು.

1887ರಲ್ಲಿ ಸ್ಮಿತ್ ಅಂಡ್ ವೆಸನ್ ಕಂಪನಿ ಹ್ಯಾಮರ್ ಒಳಗೇ ಮುಚ್ಚಿಹೋದ ಒಂದು ರಿವಾಲ್ವರ್ ಮಾಡಿತು. ಕಿಸೆಯಿಂದ ತೆಗೆಯುವಾಗ ಬಟ್ಟೆಗೆ ಸಿಕ್ಕುವ ಕೊಕ್ಕೆಯೇ ಇಲ್ಲ. ಅದರ ಹಿಡಿಯ ಬೆನ್ನಿಗೆ ಒಂದು ಪಟ್ಟಿ ಇತ್ತು. ಹಿಡಿಯನ್ನು ಪೂರ್ತಿ ಗಟ್ಟಿಯಾಗಿ ಅವುಚಿ ಹಿಡಿದರೆ ಮಾತ್ರ ಗುಂಡು ಹಾರುತ್ತದೆ. ಒಂದು ಮಗುವಿಗೆ ಆದ ಅನಾಹುತ ಕೇಳಿ ವೆಸನ್ ಇದನ್ನು ಮಾಡಿದ ಅಂತ ಒಂದು ಕಥೆ ಇದೆ. ದಂತಕಥೆ ಇರಬಹುದು. ಆದರೆ ಜನ ಅದಕ್ಕೆ ಇಟ್ಟ ಅಡ್ಡಹೆಸರು ನಿಂಬೆಹಣ್ಣು ಹಿಂಡುವ ಯಂತ್ರ! ಹಿಡಿ ಬರೀ ಹಿಡಿಯಲಿಕ್ಕಲ್ಲ, ಅದೂ ಯಂತ್ರದ ಒಂದು ಭಾಗ ಅಂತ ನನಗೆ ಮೊದಲು ಹೊಳೆದದ್ದು ಇದನ್ನು ಓದಿದಾಗ. ಆ ಕಾಲದ ಕಿಸೆಯ ರಿವಾಲ್ವರುಗಳಿಗೆ ಸಾಮಾನ್ಯವಾಗಿ ಕಪ್ಪು ಗಟ್ಟಿ ರಬ್ಬರಿನ ತೆಳು ಬಿಲ್ಲೆಗಳು ಇರುತ್ತಿದ್ದವು. ಶ್ರೀಮಂತರಾದರೆ ಮುತ್ತಿನ ಚಿಪ್ಪು ಹಾಕಿಸಿಕೊಳ್ಳುತ್ತಿದ್ದರು. ಎರಡೂ ಜಾರುತ್ತವೆ. ಆದರೆ ಕಾಡತೂಸು ಅಷ್ಟು ಜೋರಿನದಲ್ಲ, ನಡೆದುಹೋಯಿತು.

ನಡೆಯದೇ ಹೋದದ್ದು ಇಪ್ಪತ್ತನೇ ಶತಮಾನದಲ್ಲಿ, ಸಣ್ಣ ರಿವಾಲ್ವರಿನ ಒಳಗೆ ದೊಡ್ಡ ಕಾಡತೂಸು ತುರುಕಿದಾಗ. ಹಾರ್ಟ್‌ಫರ್ಡಿನ ಕೋಲ್ಟ್ ಕಂಪನಿಯಲ್ಲಿ ಜಾನ್ ಹೆನ್ರಿ ಫಿಟ್ಸ್‌ಜೆರಾಲ್ಡ್ ಅಂತ ಒಬ್ಬ ಇದ್ದ. 1920ರ ದಶಕದಲ್ಲಿ ಈತ ದೊಡ್ಡ ರಿವಾಲ್ವರುಗಳನ್ನು ತಗೊಂಡು ನಳಿಗೆ ಕೊಯ್ದ, ಹ್ಯಾಮರಿನ ಬಾಲ ಕತ್ತರಿಸಿದ, ಟ್ರಿಗರಿನ ಮುಂದಿನ ಬಳೆಯನ್ನು ಅರ್ಧ ತೆಗೆದ, ಹಿಡಿಯ ಕೆಳಗಿನ ಮೂಲೆಗಳನ್ನು ಉರುಟು ಮಾಡಿದ. ಒಂದಲ್ಲ, ಎರಡು, ಪ್ಯಾಂಟಿನ ಎರಡೂ ಕಿಸೆಯಲ್ಲಿ! ಬಳೆ ಕತ್ತರಿಸಿದ್ದನ್ನು ಮೆಚ್ಚದವರು ಆಗಲೂ ಇದ್ದರು, ನಾನೂ ಮೆಚ್ಚುವುದಿಲ್ಲ. ಟ್ರಿಗರಿಗೆ ಬೇಲಿ ಇರುವುದೇ ಒಳ್ಳೆಯದು. ಆದರೆ ಹಿಡಿಯ ಕೆಳಮೂಲೆ ಉರುಟು ಮಾಡಿದ್ದು ಮಾತ್ರ ಉಳಿದುಕೊಂಡಿತು. ಯಾಕೆಂದರೆ ಅಂಗಿಯ ಮೇಲೆ ಮೊದಲು ಮೂಡಿ ಕಾಣುವುದು ನಳಿಗೆ ಅಲ್ಲ, ಹಿಡಿಯ ಆ ಮೂಲೆ. ನಳಿಗೆ ಸೊಂಟದ ಕೆಳಗೆ ಹೋಗುತ್ತದೆ, ಹಿಡಿ ಹೊರಗೆ ಚಾಚಿಕೊಂಡಿರುತ್ತದೆ. ಮುಚ್ಚಿಡಬೇಕಾದದ್ದು ಅದೇ, ಹಿಡಿಯಬೇಕಾದದ್ದೂ ಅದೇ. ಇಡೀ ಜಗಳ ಇರುವುದು ಇಲ್ಲಿ ನೋಡಿ.

1927ರಲ್ಲಿ ಕೋಲ್ಟ್‌ನವರು ಡಿಟೆಕ್ಟಿವ್ ಸ್ಪೆಷಲ್ ತಂದರು. ಆರು ಗುಂಡು, ಎರಡಿಂಚು ನಳಿಗೆ, .38 ಸ್ಪೆಷಲ್ ಕಾಡತೂಸು. ಮೊದಲಿನವುಗಳಲ್ಲಿ ಹಿಡಿಯ ತಳ ಚೌಕ ಇತ್ತು, ಕೆಲವು ವರ್ಷಗಳಲ್ಲಿ ಅದೂ ಉರುಟಾಯಿತು. ಇನ್ನು 1950ರಲ್ಲಿ ಸ್ಮಿತ್ ಅಂಡ್ ವೆಸನ್, ಕೊಲರಾಡೋ ಸ್ಪ್ರಿಂಗ್ಸ್‌ನಲ್ಲಿ ನಡೆದ ಪೊಲೀಸ್ ಮುಖ್ಯಸ್ಥರ ಸಮ್ಮೇಳನದಲ್ಲಿ ತನ್ನ ಹೊಸ ಐದು ಗುಂಡಿನ ರಿವಾಲ್ವರನ್ನು ಮುಂದಿಟ್ಟು, ಹೆಸರನ್ನು ನೀವೇ ಇಡಿ ಎಂದಿತು. ಅವರು ತಮ್ಮದೇ ಹೆಸರು ಇಟ್ಟರು, ಚೀಫ್ಸ್ ಸ್ಪೆಷಲ್! ಅದರ ಚೌಕಟ್ಟಿಗೆ ಕಂಪನಿಯ ಲೆಕ್ಕದಲ್ಲಿ ಜೆ ಫ್ರೇಮ್ ಅಂತ ಹೆಸರು. ಇವತ್ತಿಗೂ ಅಂಗಡಿಗೆ ಹೋದರೆ ಹಿಡಿ ಕೇಳುವುದು ರಿವಾಲ್ವರಿನ ಹೆಸರು ಹೇಳಿ ಅಲ್ಲ, ಚೌಕಟ್ಟಿನ ಅಕ್ಷರ ಹೇಳಿ. ಜೆ ಬೇರೆ, ಕೆ ಬೇರೆ, ಕೋಲ್ಟ್‌ನ ಡಿ ಬೇರೆ. ತಳ ಚೌಕವೋ ಉರುಟೋ ಅದನ್ನೂ ಹೇಳಬೇಕು. ಒಂದರದ್ದು ಇನ್ನೊಂದಕ್ಕೆ ಕೂಡುವುದಿಲ್ಲ.

ಈ ಚೀಫ್ಸ್ ಸ್ಪೆಷಲ್‌ಗೆ ಕಾರ್ಖಾನೆಯಿಂದ ಬರುತ್ತಿದ್ದ ಹಿಡಿ ಎರಡು ತೆಳು ಆಕ್ರೋಟದ ಹೋಳು. ನೋಡಲು ಚೆಂದ. ಗಂಡಸಿನ ಕೈಯಲ್ಲಿ ಹಿಡಿದರೆ ಎರಡು ಬೆರಳು ಕೂರುತ್ತವೆ, ಕಿರುಬೆರಳು ಗಾಳಿಯಲ್ಲಿ. ಟ್ರಿಗರ್ ಬಳೆಯ ಹಿಂದೆ ಒಂದು ಪೊಳ್ಳು ಸಂದಿ. ಗುಂಡು ಹಾರಿದಾಗ ರಿವಾಲ್ವರ್ ಆ ಸಂದಿಯಲ್ಲಿ ಕೆಳಗೆ ಕುಸಿದು ಬಳೆಯ ಹಿಂಭಾಗ ನಡುಬೆರಳಿನ ಗೆಣ್ಣಿಗೆ ಬಡಿಯುತ್ತದೆ. ಕಾರ್ಖಾನೆಯವರು ಇಷ್ಟು ಗೊತ್ತಿಲ್ಲದವರೇನೂ ಅಲ್ಲ. 1935ರಲ್ಲಿ ಜೋರಿನ .357 ಮ್ಯಾಗ್ನಂ ತಂದಾಗ ಮರವನ್ನು ಚೌಕಟ್ಟಿನ ಭುಜದವರೆಗೆ ಏರಿಸಿ ಮ್ಯಾಗ್ನಾ ಅಂತ ಹೊಸ ಹಿಡಿ ಮಾಡಿದ್ದರು, ಒದೆತ ಅಗಲ ಜಾಗಕ್ಕೆ ಹಂಚಿಹೋಗಲಿ ಅಂತ. ಬಳೆಯ ಹಿಂದಿನ ಸಂದಿ ತುಂಬುವ ತುಂಡನ್ನೂ ಬೇರೆ ಮಾರುತ್ತಿದ್ದರು. ಆದರೆ ಸಣ್ಣ ರಿವಾಲ್ವರ್ ಬಂದಾಗ ಅವರು ಕಿಸೆಯ ಪಕ್ಷ ಹಿಡಿದರು. ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿ ಸಣ್ಣದಾಗಿ ಕಾಣುವುದು ಮಾರಾಟವಾಗುತ್ತದೆ. ಅಂಗೈ ನೋಯುವುದು ಮನೆಗೆ ಹೋದ ಮೇಲೆ! ಅಂಗೈಯ ಪಕ್ಷ ಹಿಡಿದದ್ದು ಹೊರಗಿನವರು, ಸಣ್ಣಪುಟ್ಟ ಕಸುಬುದಾರರು.

ಒಕ್ಲಹೋಮಾದ ಮೆಲ್ವಿನ್ ಟೈಲರ್ ಮಾಡಿದ್ದು ಬೆರಳು ಗಾತ್ರದ ಒಂದು ಎರಕದ ಅಲ್ಯುಮಿನಿಯಂ ತುಂಡು, ಟೀ ಗ್ರಿಪ್ ಅಂತ. ಬಳೆಯ ಹಿಂದಿನ ಆ ಸಂದಿಗೆ ತುರುಕಿದರೆ ಮುಗಿಯಿತು, ಮರದ ಹಿಡಿ ಬದಲಿಸುವುದೂ ಬೇಡ, ಹೊರಗೆ ಉಬ್ಬುವುದೂ ಇಲ್ಲ. ಟೂಲ್‌ರೂಮಿನವನಾಗಿ ಹೇಳುತ್ತೇನೆ, ಈ ಇಡೀ ಚರಿತ್ರೆಯಲ್ಲಿ ನನಗೆ ಅತ್ಯಂತ ಇಷ್ಟವಾದದ್ದು ಇದೇ ತುಂಡು. ಎಷ್ಟು ಬೇಕೋ ಅಷ್ಟೇ. ಡೆಟ್ರಾಯಿಟಿನ ಬರಾಮಿ ಕಂಪನಿಯವರದು ಇನ್ನೊಂದು ಉಪಾಯ. ಪ್ಲಾಸ್ಟಿಕ್ಕಿನ ಬಲಗಡೆ ಹೋಳಿಗೇ ಒಂದು ಕೊಕ್ಕೆ ಇಟ್ಟರು. ರಿವಾಲ್ವರನ್ನು ಸೊಂಟಕ್ಕೆ ಸಿಕ್ಕಿಸಿದರೆ ಕೊಕ್ಕೆ ಬೆಲ್ಟಿನ ಮೇಲೆ ಕೂರುತ್ತದೆ, ಚರ್ಮದ ಚೀಲವೇ ಬೇಡ. ನಮ್ಮ ಹಳ್ಳಿಯವರು ಕುಡುಗೋಲನ್ನು ಉಡಿದಾರಕ್ಕೆ ಸಿಕ್ಕಿಸುವುದಿಲ್ಲವೇ, ಅದೇ.

ಐಡಹೋ ರಾಜ್ಯದ ಟ್ವಿನ್ ಫಾಲ್ಸ್‌ನಲ್ಲಿ ಸ್ಟೀವ್ ಹೆರೆಟ್ ಅಂತ ಒಬ್ಬ ಹಿಡಿ ಮಾಡುವವನಿದ್ದ. ಇವನ ಕ್ರಮ ಓದಿ ನನಗೆ ಮೈ ಜುಂ ಎಂದಿತು. ಗಿರಾಕಿ ಒಂದು ಹಾಳೆಯ ಮೇಲೆ ಅಂಗೈ ಊರಿ ಪೆನ್ಸಿಲಿನಿಂದ ಸುತ್ತ ಗೆರೆ ಎಳೆದು ಅಂಚೆಯಲ್ಲಿ ಕಳಿಸಬೇಕು, ಆ ಅಳತೆಗೆ ಮರ ಕೆತ್ತಿ ಕಳಿಸುತ್ತಿದ್ದರು. "ಎಲ್ಲಿ, ಕೈ ತೋರ್ಸು"! ಗದಗಿನ ಬಡಿಗನಿಗೂ ಐಡಹೋದವನಿಗೂ ಒಂದೇ ಬುದ್ಧಿ. ಗಡಿ ಕಾವಲು ಪಡೆಯ ಬಿಲ್ ಜೋರ್ಡನ್ ಎಂಬ ಪ್ರಸಿದ್ಧ ಗುರಿಕಾರನ ಹೆಸರಿನಲ್ಲಿ ಇವರು ಮಾಡಿದ ದಪ್ಪ ಹಿಡಿ ದೊಡ್ಡ ರಿವಾಲ್ವರುಗಳಿಗೆ ಬಹಳ ನಡೆಯಿತು. 1968ರಲ್ಲಿ ಲಾಸ್ ಏಂಜಲೀಸ್‌ನ ಪೊಲೀಸ್ ಗೈ ಹೋಗ್ ತನ್ನ ಜೊತೆಯವರಿಗೆ ಅಂತ ಹಿಡಿ ಮಾಡಲು ಕೂತ. ಆ ಕುಟುಂಬದ ಕಂಪನಿ ಇವತ್ತಿಗೂ ಇದೆ. ಎರಡು ಹೋಳಿನ ಬದಲು ಒಂದೇ ತುಂಡಿನ ಹಿಡಿ, ಕೆಳಗಿನಿಂದ ಕಾಲುಚೀಲದ ಹಾಗೆ ಏರಿಸಿ ತಳದಲ್ಲಿ ಒಂದು ಸ್ಕ್ರೂ. ನಡುವೆ ಸಂದು ಇಲ್ಲದ್ದರಿಂದ ಅಲುಗುವುದಿಲ್ಲ. ಅದಕ್ಕೆ ಬೆರಳುಗಳ ಅಚ್ಚು ಇರುತ್ತದೆ. ಅಚ್ಚು ನಿಮ್ಮ ಬೆರಳಿಗೆ ಸರಿ ಕೂತರೆ ಸ್ವರ್ಗ, ಕೂರದಿದ್ದರೆ ಬೇರೆಯವರ ಹಲ್ಲುಸೆಟ್ಟು ಹಾಕಿಕೊಂಡ ಹಾಗೆ.

ಲಾಸ್ ಏಂಜಲೀಸ್‌ನವನೇ ಆದ ಫ್ರಾಂಕ್ ಪ್ಯಾಕ್‌ಮೈರ್ ರಬ್ಬರ್ ತಂದ. ರಬ್ಬರ್ ಒದೆತವನ್ನು ನುಂಗುತ್ತದೆ, ಬೆವರಿದ ಕೈಯಲ್ಲೂ ಜಾರುವುದಿಲ್ಲ. ಪೊಲೀಸರು ಮುಗಿಬಿದ್ದರು. ಆದರೆ ಕೈಗೆ ಅಂಟುವುದು ಬಟ್ಟೆಗೂ ಅಂಟುತ್ತದೆ! ಕೋಟಿನ ಅಸ್ತರು ರಬ್ಬರಿಗೆ ಸಿಕ್ಕಿ ಮೇಲೇರಿ ಹಿಡಿ ಹೊರಗೆ ಕಾಣುತ್ತದೆ, ಕಿಸೆಯಿಂದ ಎಳೆದರೆ ಕಿಸೆಯೇ ತಿರುವಿಕೊಂಡು ಬರುತ್ತದೆ. ಹಾಗಾಗಿ ಮರ ಹಿಂದೆ ಬೀಳಲಿಲ್ಲ. ಕ್ರೇಗ್ ಸ್ಪೀಗಲ್ ಎಂಬಾತ ಮರದಲ್ಲಿ ಒಂದು ನಡುದಾರಿ ಹುಡುಕಿದ. ತಳಕ್ಕೆ ಒಂದಿಷ್ಟೂ ಮರ ಇಲ್ಲ, ಚೌಕಟ್ಟಿನ ಉಕ್ಕೇ ಕೊನೆ. ಆದರೆ ಮೇಲೆ, ಎರಡು ಬೆರಳು ಕೂರುವಲ್ಲಿ, ಬಳೆಯ ಸಂದಿ ತುಂಬುವ ಹಾಗೆ ಮೈ ತುಂಬಿಕೊಂಡ ಮರ. ಬೂಟ್ ಗ್ರಿಪ್ ಅನ್ನುವುದು ಇದನ್ನೇ. ಅಂಕಲ್ ಮೈಕ್ಸ್ ಕಂಪನಿ ಇದನ್ನೇ ರಬ್ಬರಿನಲ್ಲಿ ಅಚ್ಚು ಹಾಕಿ ಅಗ್ಗಕ್ಕೆ ಮಾರಿತು. ಕಿಸೆಗೆ ಇದಕ್ಕಿಂತ ಒಳ್ಳೆಯದು ಬಂದಿಲ್ಲ ಅನ್ನುವವರು ಬಹಳ. ಎರಡು ಬೆರಳು ಸಾಕು ಅನ್ನುವ ಕೈ ಇದ್ದರೆ ಅವರ ಮಾತು ನಿಜ.

ಮರದ ಮಾತು ಬಂದಾಗ ನಮ್ಮ ಕಡೆಯ ಎರಡು ಸಂಗತಿ ಹೇಳಿಬಿಡುತ್ತೇನೆ. ಅಮೆರಿಕದ ಶೋಕಿಯ ಹಿಡಿಗಳಿಗೆ ಬಹಳ ಕಾಲ ಹೋಗುತ್ತಿದ್ದದ್ದು ಭಾರತದ ಕಡವೆಯ ಕೊಂಬು. ಒರಟು ಮೈ, ಒಳಗೆ ಗಟ್ಟಿ, ಕೈಯಲ್ಲಿ ಜಾರದು. 1990ರ ದಶಕದ ಕೊನೆಯ ಹೊತ್ತಿಗೆ ನಮ್ಮ ಸರಕಾರ ಅದರ ರಫ್ತು ನಿಲ್ಲಿಸಿತು. ಇನ್ನೊಂದು ನಮ್ಮ ಬೀಟೆ ಮರ, ಪಶ್ಚಿಮ ಘಟ್ಟದ್ದು. 2017ರ ಜನವರಿಯಿಂದ ಆ ಕುಲದ ಮರಗಳೆಲ್ಲ ಅಂತರರಾಷ್ಟ್ರೀಯ ವ್ಯಾಪಾರದ ನಿರ್ಬಂಧದ ಪಟ್ಟಿಗೆ ಬಂದವು. ನಾನು ಆ ಅಂಗಡಿಯಲ್ಲಿ ರೋಸ್‌ವುಡ್ ಅಂತ ಬರೆದ ಒಂದು ಹಿಡಿ ಕೈಗೆ ತಗೊಂಡು ಮೂಸಿ ನೋಡಿದೆ. ಬೀಟೆಯ ವಾಸನೆಯೇ ಇಲ್ಲ! ತೆಳು ಬರ್ಚ್ ಪದರಗಳಿಗೆ ಬಣ್ಣ ಹಾಕಿ, ರಾಳ ತುಂಬಿ, ಒತ್ತಿ ಮಾಡಿದ ಪ್ಲೈವುಡ್ ಅದು. ವರ್ಮಾಂಟ್‌ನ ರಟ್ಲಂಡ್‌ನಲ್ಲಿ ಇಂಥ ಮರಕ್ಕೆ ಹೆಸರಾದ ಕಾರ್ಖಾನೆ ಇತ್ತು, ಡೈಮಂಡ್‌ವುಡ್ ಅಂತ ಮಾರುತ್ತಿದ್ದರು. 2014ರ ಆಗಸ್ಟಿನಲ್ಲಿ ಅದು ಸುಟ್ಟುಹೋಯಿತು. ಪ್ಲೈವುಡ್ ಅಂತ ನಾನು ಮೂಗು ಮುರಿಯುತ್ತಿಲ್ಲ. ಬಿಸಿಲು ಬೆವರಿಗೆ ನಿಜ ಮರಕ್ಕಿಂತ ಅದೇ ಹೆಚ್ಚು ಬಾಳುತ್ತದೆ. ಬೀಟೆ ಅಂತ ಹೇಳಿ ಮಾರಬೇಡಿ, ಅಷ್ಟೇ.

ಸಾಮಾನ್ಯ ಜನ ರಿವಾಲ್ವರ್ ಇಟ್ಟುಕೊಂಡು ತಿರುಗುವುದು ಅಮೆರಿಕದಲ್ಲೂ ಎಲ್ಲ ಕಡೆ ಮೊದಲಿನಿಂದ ಇದ್ದದ್ದಲ್ಲ. 1987ರಲ್ಲಿ ಫ್ಲಾರಿಡಾ, ಅರ್ಹತೆ ಇದ್ದವರು ಕೇಳಿದರೆ ಲೈಸೆನ್ಸ್ ಕೊಡಲೇಬೇಕು ಅನ್ನುವ ಕಾನೂನು ಮಾಡಿತು. ಆಮೇಲೆ ಒಂದೊಂದೇ ರಾಜ್ಯ. ಟೆಕ್ಸಸ್‌ನಲ್ಲಿ ಅದರ ಹಿಂದೆ ಒಂದು ದುಃಖದ ಕಥೆ ಇದೆ. 1991ರ ಅಕ್ಟೋಬರಿನಲ್ಲಿ ಕಿಲ್ಲೀನ್ ಊರಿನ ಲೂಬೀಸ್ ಹೋಟೆಲಿನಲ್ಲಿ ಒಬ್ಬ ಗುಂಡು ಹಾರಿಸಿ 23 ಜನರನ್ನು ಕೊಂದ. ಊಟಕ್ಕೆ ಬಂದಿದ್ದ ಸುಜಾನಾ ಹಪ್ ಎಂಬಾಕೆಯ ಕಣ್ಣೆದುರು ಅಪ್ಪ ಅಮ್ಮ ಇಬ್ಬರೂ ಹೋದರು. ಆಕೆಯ ರಿವಾಲ್ವರ್ ಹೊರಗೆ ಕಾರಿನಲ್ಲಿತ್ತು. ಕೈಚೀಲದಲ್ಲಿ ಇಟ್ಟುಕೊಳ್ಳುವುದು ಆಗ ಕಾನೂನಿಗೆ ವಿರುದ್ಧ. ಆಕೆ ಊರೂರು ತಿರುಗಿ ಸಾಕ್ಷಿ ಹೇಳಿದಳು. 1995ರಲ್ಲಿ ಟೆಕ್ಸಸ್ ಕಾನೂನು ಬದಲಾಯಿತು, ಮರುವರ್ಷ ಆಕೆ ಶಾಸಕಿಯಾದಳು. ರಿವಾಲ್ವರ್ ಇದ್ದಿದ್ದರೆ ಏನಾಗುತ್ತಿತ್ತು ಅಂತ ಯಾರು ಹೇಳಬಲ್ಲರು? ನನ್ನ ತಂಗಿಯ ಮಗ ಒಂದು ಹೇಳುತ್ತಾನೆ, ನಾನು ಇನ್ನೊಂದು. ಆ ಮಾತು ಬಂದರೆ ಊಟ ತಣ್ಣಗಾಗುತ್ತದೆ.

ಇದರಿಂದ ಆದದ್ದೇನೆಂದರೆ, ಪೊಲೀಸರ ಎರಡನೇ ರಿವಾಲ್ವರ್ ಆಗಿದ್ದದ್ದು ಗೃಹಿಣಿಯರ, ನರ್ಸ್‌ಗಳ, ಅಂಗಡಿಯವರ ಮೊದಲನೆಯದಾಯಿತು. ಪೊಲೀಸ್ ಗಂಡಸಿನ ಕೈಗೆ ಆಗಿದ್ದ ಹಿಡಿ ಈಗ ಸಾವಿರ ತರದ ಕೈಗೆ ಆಗಬೇಕು. ಜೊತೆಗೆ ಕಂಪನಿಗಳು ರಿವಾಲ್ವರನ್ನು ಹಗುರ ಮಾಡುತ್ತಾ ಹೋದವು. ಉಕ್ಕಿನ ಚೀಫ್ಸ್ ಸ್ಪೆಷಲ್ ಸುಮಾರು 550 ಗ್ರಾಂ. ಅಲ್ಯುಮಿನಿಯಂ ಚೌಕಟ್ಟಿನವು 425 ಗ್ರಾಂ ಆಸುಪಾಸು. 2001ರಲ್ಲಿ ಸ್ಕ್ಯಾಂಡಿಯಂ ಬೆರೆಸಿದ ಚೌಕಟ್ಟಿನ, .357 ಮ್ಯಾಗ್ನಂ ಹಾರಿಸಬಲ್ಲ 340 ಗ್ರಾಮಿನದು ಬಂತು. ಲೆಕ್ಕ ಸುಲಭ. ಕಾಡತೂಸು ಅದೇ ಇದ್ದು ರಿವಾಲ್ವರಿನ ತೂಕ ಅರ್ಧವಾದರೆ ಅದು ಹಿಂದಕ್ಕೆ ಬರುವ ವೇಗ ಎರಡು ಪಟ್ಟು, ಅಂಗೈಗೆ ಬೀಳುವ ಒದೆತದ ಶಕ್ತಿಯೂ ಎರಡು ಪಟ್ಟು. ಕಿಸೆಗೆ ಹಗುರವಾದದ್ದು ಕೈಗೆ ಭಾರವಾಗುತ್ತದೆ.

ಹೆಣ್ಣುಮಕ್ಕಳಿಗೆ ಅಂತ ಮಾಡುವಾಗ ಕಂಪನಿಗಳು ಇನ್ನೂ ಎಡವಿದವು. ಲೇಡಿಸ್ಮಿತ್ ಅನ್ನುವ ಹೆಸರು ಹಳೆಯದು, 1902ರಿಂದ 1921ರವರೆಗೆ ಒಂದು ಪುಟಾಣಿ .22 ರಿವಾಲ್ವರಿಗೆ ಇತ್ತು. 1989ರಲ್ಲಿ ಅದೇ ಹೆಸರನ್ನು ಜೆ ಫ್ರೇಮಿಗೆ ಇಟ್ಟರು. ನಮ್ಮಲ್ಲೂ 2014ರಲ್ಲಿ ಕಾನ್ಪುರದಿಂದ ನಿರ್ಭೀಕ್ ಬಂತು. ದೆಹಲಿಯ 2012ರ ಘಟನೆಯ ನೆನಪಿನ ಹೆಸರು, ಅರ್ಧ ಕಿಲೋ ತೂಕ, ಒಡವೆ ಪೆಟ್ಟಿಗೆಯ ಹಾಗಿನ ಮೆರೂನ್ ಪೆಟ್ಟಿಗೆ, ಬೆಲೆ ಒಂದು ಲಕ್ಷ ಇಪ್ಪತ್ತೆರಡು ಸಾವಿರ ಚಿಲ್ಲರೆ. ಹೆಂಗಸರಿಗೆ ಅಂದರೆ ಸಣ್ಣದು, ಹಗುರದ್ದು, ಚೆಂದದ್ದು ಅನ್ನುವ ಎಣಿಕೆ ಎಲ್ಲ ಕಡೆ ಒಂದೇ. ಕೈಯ ಅಳತೆ ಯಾರು ತಗೊಂಡರು?

ನಮ್ಮ ಸೊಸಿಯ ಕೈಗೆ ಬರೋಣ. ಅಂಗಡಿಯವನು ಮೊದಲು ಕೊಟ್ಟದ್ದು ಮೆತ್ತನೆ ರಬ್ಬರಿನ ದೊಡ್ಡ ಹಿಡಿ, ಬೆನ್ನು ಪೂರ್ತಿ ಮುಚ್ಚುವಂಥದ್ದು. ಅಲ್ಲಿಯೇ ಗುಂಡು ಹೊಡೆದು ನೋಡುವ ಜಾಗ ಇತ್ತು. ಒದೆತ ಕಡಿಮೆಯಾಯಿತು, ಆದರೆ ಬೆನ್ನಿನ ರಬ್ಬರ್ ದಪ್ಪದಿಂದ ಟ್ರಿಗರ್ ದೂರವಾಯಿತು. ಬೆರಳಿನ ತುದಿ ಮಾತ್ರ ತಾಗುತ್ತಿತ್ತು, ಐದು ಕಿಲೋ ಎಳೆತಕ್ಕೆ ತುದಿ ಸಾಲದು. ಗುಂಡೆಲ್ಲ ಎಡಕ್ಕೆ. ಆಮೇಲೆ ಲೇಸರ್ ಇದ್ದ ಹಿಡಿ ತೋರಿಸಿದ. ಕ್ರಿಮ್ಸನ್ ಟ್ರೇಸ್ ಕಂಪನಿಯದು. ನಡುಬೆರಳು ಒತ್ತಿದರೆ ಕೆಂಪು ಚುಕ್ಕೆ ಗೋಡೆಯ ಮೇಲೆ ಬೀಳುತ್ತದೆ. ಸೊಸಿಯ ಕೈ ನಡುಗುವುದೆಲ್ಲ ಆ ಚುಕ್ಕೆಯಲ್ಲಿ ದೊಡ್ಡದಾಗಿ ಕಂಡು ಅವಳು ಇನ್ನೂ ಹೆದರಿದಳು. ಅದನ್ನು ಇಳಿಸಿದೆವು.

ಮನೆಗೆ ಬಂದು ಹಾಳೆ ಹರಡಿ "ಕೈ ಇಡವ್ವಾ" ಅಂದೆ. ಗೆರೆ ಎಳೆದೆ. ಕೂಸು ಓಡಿ ಬಂದು ತನ್ನ ಕೈಯನ್ನೂ ಪಕ್ಕದಲ್ಲಿ ಊರಿತು, ಅದಕ್ಕೂ ಎಳೆದೆ. ಸೊಸಿಯ ಅಂಗೈ ಅಗಲ ಕಡಿಮೆಯೇನಲ್ಲ, ಬೆರಳು ಗಿಡ್ಡ. ಅಂದರೆ ಅವಳಿಗೆ ಬೇಕಾದದ್ದು ಬೆನ್ನು ತೆರೆದ, ಉಕ್ಕೇ ಅಂಗೈಗೆ ತಾಗುವ ತೆಳು ಹಿಡಿ, ಆದರೆ ಕೆಳಗೆ ಕಿರುಬೆರಳಿಗೂ ಜಾಗ ಇರುವಷ್ಟು ಉದ್ದ, ಬಳೆಯ ಸಂದಿ ತುಂಬಿದ್ದು. ಸಣ್ಣ ಕೈ ಅಂದ್ರ ಗಿಡ್ಡ ಹಿಡಿ ಅಲ್ಲೋ ತಮ್ಮಾ. ಅಂಥದ್ದೊಂದು ಆಕ್ರೋಟ ಮರದ್ದು ಹುಡುಕಿ ತರಿಸಿದೆವು. ಚೌಕಟ್ಟಿಗೆ ಕೂತಿತು, ಕೈಗೂ ಕೂತಿತು. ಆದರೆ ಸಿಲಿಂಡರ್ ಹೊರಗೆ ತೆರೆದಾಗ ಎಡಗಡೆಯ ಹೋಳಿನ ಮೇಲಂಚು ಅಡ್ಡ ಬಂದು ಖಾಲಿ ಕಾಡತೂಸು ಸಿಕ್ಕಿಕೊಳ್ಳುತ್ತಿತ್ತು. ಐದು ಗುಂಡು ಒಟ್ಟಿಗೆ ತುಂಬುವ ಉಪಕರಣವೂ ಅಲ್ಲೇ ತಡೆಯುತ್ತಿತ್ತು. ಎಡ ಹೋಳಿನ ಮೇಲೆ ಒಂದು ತಗ್ಗು ಇರಬೇಕು, ಇದರಲ್ಲಿ ಸಾಲದಾಗಿತ್ತು. ಸ್ಕ್ರೂ ಬಿಚ್ಚಿ ಹೋಳುಗಳನ್ನು ನನಗೆ ಕೊಡು, ರಿವಾಲ್ವರ್ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕು ಅಂದೆ ತಂಗಿಯ ಮಗನಿಗೆ. ನಾನು ಕೈಗೆ ತಗೊಂಡದ್ದು ಆ ಎರಡು ಮರದ ಹೋಳು ಮಾತ್ರ. ಊಟದ ಟೇಬಲ್ಲಿನ ಮೇಲೆ ಪೇಪರ್ ಹಾಸಿ, ಅರ್ಧಗೋಲು ಕಾನಸಿನಿಂದ ಕೆರೆದು, ನುಣುಪು ಪೇಪರಿನಿಂದ ಉಜ್ಜಿ, ಅಗಸೆ ಎಣ್ಣೆ ಹಚ್ಚಿ ಕೊಟ್ಟೆ. ನಿವೃತ್ತಿಯಾದ ಮೇಲೆ ಅಷ್ಟು ಸುಖವಾಗಿ ಯಾವ ಮಧ್ಯಾಹ್ನವೂ ಕಳೆದಿರಲಿಲ್ಲ. ಯಾವುದಕ್ಕೆ ಹಿಡಿ ಮಾಡುತ್ತಿದ್ದೇನೆ ಅನ್ನುವುದು ಎಣ್ಣೆ ಒಣಗಿದ ಮೇಲೆ ನೆನಪಾಗಿ ಮನಸ್ಸು ಕಸಿವಿಸಿಯಾಯಿತು, ಸುಳ್ಳು ಯಾಕೆ ಹೇಳಲಿ.

ಸೊಸಿ ಪರೀಕ್ಷೆಯಲ್ಲಿ ಐವತ್ತೂ ಹೊಡೆದು ಪಾಸಾದಳು. ಕೈ ಕೆಂಪಾಗಲಿಲ್ಲ. ಮುಂದಿನ ವಾರ ಗೊತ್ತಾಯಿತು, ಹೊಸ ಹಿಡಿ ಹಾಕಿದ ರಿವಾಲ್ವರ್ ಅವಳ ಕೋಟಿನ ಕಿಸೆಗೆ ಹೋಗುವುದಿಲ್ಲ, ಪರ್ಸಿನ ಪಕ್ಕದ ಖಾನೆಗೂ ಹೋಗುವುದಿಲ್ಲ! "ಹಳೇದ ಹಾಕೋಣೇನು?" ಅಂದ ಗಂಡ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಿಡಿಯಾಕ ಬರಲಾರದ್ದನ್ನ ಇಟ್ಕೊಂಡು ತಿರುಗಿ ಏನ್ ಮಾಡ್ಲಿ" ಅಂದಳು. ಪಾರ್ಕಿಂಗಿಗೆ ಇಬ್ಬರು ಮೂವರು ನರ್ಸ್‌ಗಳು ಜೊತೆಯಾಗಿ ನಡೆಯುವುದು ಅಂತ ಮಾಡಿಕೊಂಡರು. ರಿವಾಲ್ವರ್ ಮಲಗುವ ಕೋಣೆಯ ಬೀಗದ ಪೆಟ್ಟಿಗೆಗೆ ಹೋಯಿತು.

ಟೆಕ್ಸಸ್‌ನಲ್ಲಿ 2021ರಿಂದ ಲೈಸೆನ್ಸೂ ಬೇಕಾಗಿಲ್ಲ. ಸೊಸಿ ಅದೇ ವರ್ಷ ಹಗಲು ಪಾಳಿಗೆ ಬಂದಳು. ಕಾರ್ಖಾನೆಯ ಆ ಗಿಡ್ಡ ಹಿಡಿಯ ಹೋಳುಗಳು ಅವರ ಅಡಿಗೆಮನೆಯ ಡ್ರಾದಲ್ಲಿ ರಬ್ಬರ್ ಬ್ಯಾಂಡು, ಹಳೆ ಬ್ಯಾಟರಿಗಳ ಜೊತೆ ಬಿದ್ದಿವೆಯಂತೆ. ಮೊನ್ನೆ ಫೋನು ಮಾಡಿದಾಗ ಕೇಳಿದೆ, ವರ್ಷಕ್ಕೊಮ್ಮೆ ಮರಕ್ಕೆ ಅಗಸೆ ಎಣ್ಣೆ ಹಚ್ಚು ಅಂದಿದ್ದೆನಲ್ಲ, ಹಚ್ಚಿದೆಯಾ? "ಪೆಟ್ಟಿಗಿ ತಗದೇ ಇಲ್ರಿ ಮಾಮಾ" ಅಂದ.